ತಾಯಿಯ ಹುಳುಕು ಹಲ್ಲು, ಮಗುವಿನ ಹಾಲುಹಲ್ಲು

ಹುಳುಕಿಗೆ ಮುಖ್ಯ ಕಾರಣವಾದ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬ ಬ್ಯಾಕ್ಟೀರಿಯಾ ಮಗುವಿಗೆ ಎಂಜಲಿನ ಮೂಲಕ ಬರುತ್ತದೆ, ಹೆಚ್ಚಾಗಿ ತಾಯಿಯಿಂದಲೇ. ಅಪ್ಪ, ಅಜ್ಜಿಯರಿಂದಲೂ ಬರಬಹುದು. ತಾಯಿ ತೂತು ಬಿದ್ದ ಹಲ್ಲುಗಳನ್ನು ಹಾಗೇ ಬಿಟ್ಟಿದ್ದರೆ ಅವಳ ಎಂಜಲಿನಲ್ಲಿ ಇದು ಹೆಚ್ಚಿರುತ್ತದೆ, ಮಗುವಿಗೆ ಬೇಗ ಅಂಟುತ್ತದೆ. ಬೇಗ ಅಂಟಿದಷ್ಟೂ ಹುಳುಕಿನ ಅಪಾಯ ಹೆಚ್ಚು.

ಹಾಗಂತ ಬಾಣಂತಿಗೆ 'ಮುತ್ತಿಡಬೇಡ' ಎನ್ನುವುದು ವ್ಯರ್ಥ. ಚಮಚ ಬೇರೆ ಇಡಿ, ಸರಿ. ಒಂದೇ ಮನೆಯಲ್ಲಿ ಎಂಜಲು ತಪ್ಪಿಸಲು ಮಾತ್ರ ಆಗದು. ಇಳಿಸಬೇಕಾದ್ದು ತಾಯಿಯ ಬಾಯಲ್ಲಿರುವ ಬ್ಯಾಕ್ಟೀರಿಯಾವನ್ನು. 2000ದಲ್ಲಿ ಪ್ರಕಟವಾದ ಫಿನ್ಲೆಂಡಿನ ಅಧ್ಯಯನದಲ್ಲಿ ಮಗುವಿಗೆ 3 ತಿಂಗಳಾದಾಗಿನಿಂದ 2 ವರ್ಷದವರೆಗೆ ತಾಯಂದಿರು ಕ್ಸೈಲಿಟಾಲ್ (ಈ ಬ್ಯಾಕ್ಟೀರಿಯಾ ಆಮ್ಲ ಮಾಡಲಾಗದ ಸಿಹಿ) ಇರುವ ಚ್ಯೂಯಿಂಗ್ ಗಮ್ ಅಗಿದರು. ಎರಡು ವರ್ಷಕ್ಕೆ ಅವರ ಮಕ್ಕಳಲ್ಲಿ ಶೇ. 9.7 ಮಂದಿಯಲ್ಲಷ್ಟೇ ಈ ಬ್ಯಾಕ್ಟೀರಿಯಾ ಇತ್ತು. ತಾಯಂದಿರ ಹಲ್ಲಿಗೆ ಫ್ಲೋರೈಡ್ ವಾರ್ನಿಶ್ ಎಂಬ ಲೇಪ ಹಚ್ಚಿದ ಗುಂಪಿನಲ್ಲಿ ಶೇ. 48.5. ಬೇರೆ ಕಡೆಯ ಪ್ರಯೋಗಗಳಲ್ಲಿ ಫಲ ಇಷ್ಟು ನಿಚ್ಚಳವಾಗಿ ಕಂಡಿಲ್ಲ. ಹಾಗಾಗಿ ಗಮ್ ಹುಡುಕುವುದಕ್ಕಿಂತ ಮೊದಲು ತೂತು ಮುಚ್ಚಿಸಿಕೊಳ್ಳಿ.

ಬಸಿರಿನ 4ರಿಂದ 6ನೇ ತಿಂಗಳು ಇದಕ್ಕೆ ಅನುಕೂಲ. ಕ್ಲೀನಿಂಗ್, ಫಿಲ್ಲಿಂಗ್, ರೂಟ್ ಕೆನಾಲ್ ಎಲ್ಲವನ್ನೂ ಮಾಡಿಸಬಹುದು. ಮರಗಟ್ಟಿಸುವ ಲಿಗ್ನೊಕೇನ್ ಚುಚ್ಚುಮದ್ದಿಗೆ ಹೆದರಬೇಕಿಲ್ಲ. ನೋವು, ಬಾವು ಇದ್ದರೆ ಯಾವ ತಿಂಗಳಾದರೂ ಕಾಯಬೇಡಿ. ಬಸುರಿ ಎಂದು ಮೊದಲೇ ಹೇಳಿ: ಟೆಟ್ರಾಸೈಕ್ಲಿನ್ ಎಂಬ ಆಂಟಿಬಯಾಟಿಕ್ ಮಾತ್ರೆ ಮಗುವಿನ ಹಾಲುಹಲ್ಲಿಗೆ ಬಣ್ಣ ಹಿಡಿಸುತ್ತದೆ. ವಾಂತಿಯಾದ ಕೂಡಲೇ ಹಲ್ಲುಜ್ಜಿದರೆ ಆಮ್ಲದಿಂದ ಮೆತ್ತಗಾದ ಎನಾಮಲ್ (ಹಲ್ಲಿನ ಹೊರಪದರ) ಸವೆಯುತ್ತದೆ. ಒಂದು ಲೋಟ ನೀರಿಗೆ ಒಂದು ಟೀ ಚಮಚ ಅಡುಗೆ ಸೋಡಾ ಬೆರೆಸಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಉಜ್ಜಿ. (ಮಗು ತಾಯಿಯ ಹಲ್ಲಿನ ಕ್ಯಾಲ್ಸಿಯಂ ಹೀರುತ್ತದೆ ಎಂಬುದು ಸುಳ್ಳು.)

ಬ್ಯಾಕ್ಟೀರಿಯಾ ಬಂದರೂ ಸಕ್ಕರೆ ಸಿಗದಿದ್ದರೆ ಅದು ಹಲ್ಲು ಹುಳುಕಾಗಿಸುವ ಆಮ್ಲ ಮಾಡಲಾರದು. ಬಾಟಲಿ ಹಾಲಿಗೆ ಸಕ್ಕರೆ, ರಾಗಿ ಸರಿಗೆ ಬೆಲ್ಲ, ನಿಪ್ಪಲ್ಲಿಗೆ ಜೇನು: ಹಲ್ಲಿನ ಮಟ್ಟಿಗೆ ಮೂರೂ ಒಂದೇ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ಬಾಟಲಿ ಬಾಯಲ್ಲಿಟ್ಟು ಮಲಗಿಸುವುದು ಇನ್ನೂ ಕೆಟ್ಟದ್ದು. ಮೊದಲ ಹಲ್ಲು ಬಂದಾಗಲೇ 1000 ಪಿಪಿಎಂ ಫ್ಲೋರೈಡ್ ಪೇಸ್ಟನ್ನು ಅಕ್ಕಿಕಾಳಿನಷ್ಟು, ಮೂರು ವರ್ಷದ ನಂತರ ಬಟಾಣಿಯಷ್ಟು ಹಾಕಿ ದಿನಕ್ಕೆರಡು ಸಲ ನೀವೇ ಉಜ್ಜಿ. ಮಕ್ಕಳ ಪೇಸ್ಟ್ ಎಲ್ಲದರಲ್ಲೂ ಅಷ್ಟು ಫ್ಲೋರೈಡ್ ಇರುವುದಿಲ್ಲ, ಟ್ಯೂಬ್ ಓದಿ. ಕೋಲಾರ, ರಾಯಚೂರಿನಂಥ ಕಡೆ ನೀರಿನಲ್ಲೇ ಫ್ಲೋರೈಡ್ ಹೆಚ್ಚಿರಬಹುದು, ಅಲ್ಲಿ ಬೋರ್‌ವೆಲ್ ನೀರು ಕುಡಿಯುವವರು ದಂತವೈದ್ಯರನ್ನು ಕೇಳಿಕೊಳ್ಳಿ.

ತಿಂಗಳಿಗೊಮ್ಮೆ ಮಗುವಿನ ಮೇಲ್ದುಟಿ ಎತ್ತಿ ನೋಡಿ. ಕೆಳಗಿನ ಮುಂಹಲ್ಲುಗಳನ್ನು ನಾಲಿಗೆ, ಜೊಲ್ಲು ಕಾಯುತ್ತವೆ. ಮೊದಲು ಕೆಡುವುದು ಮೇಲಿನವು. ಒಸಡಿನಂಚಿಗೆ ಸುಣ್ಣದಂಥ ಬಿಳಿ ಗೆರೆ ಕಂಡರೆ ಫ್ಲೋರೈಡ್ ವಾರ್ನಿಶ್‌ನಿಂದ ತಡೆಯಬಹುದು. ಕಂದು ಬಣ್ಣಕ್ಕೆ ತಿರುಗಿ ಗುಳಿ ಬಿದ್ದರೆ ಫಿಲ್ಲಿಂಗ್, ಇಲ್ಲವೇ ಸಿಲ್ವರ್ ಡೈಅಮೀನ್ ಫ್ಲೋರೈಡ್ ಎಂಬ ಹಚ್ಚುವ ದ್ರವ. ಇದು ಡ್ರಿಲ್ ಇಲ್ಲದೆ ಹುಳುಕು ನಿಲ್ಲಿಸಬಲ್ಲದು, ಆದರೆ ಆ ಜಾಗ ಖಾಯಂ ಕಪ್ಪಾಗುತ್ತದೆ. ಹಚ್ಚಿಸುವ ಮೊದಲೇ ತಿಳಿದಿರಲಿ.