17ರಿಂದ 16ಕ್ಕೆ ಇಳಿದ ನನ್ನ ಆಕ್ಟೇವಿಯಾ

ನನ್ನ ಹತ್ತಿರ ಒಂದು 2005ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕಾರು ಇದೆ. 1.8 ಲೀಟರಿನ ಟರ್ಬೊ ಪೆಟ್ರೋಲ್ ಇಂಜಿನ್, 150 ಕುದುರೆ ಶಕ್ತಿ. ಯುರೋಪಿನಲ್ಲಿ ಇದೇ ಹೆಸರಿನ ಗಾಡಿಗೆ 180 ಕೊಟ್ಟಿದ್ದರು, ನಮಗೆ 150. ಬೇಜಾರೇನಿಲ್ಲ. ಸಂಜೆ ಹೊತ್ತಲ್ಲಿ ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಅದರಲ್ಲಿ ಹದಿನೈದು ಕುದುರೆಗೂ ಕೆಲಸ ಸಿಗುವುದಿಲ್ಲ.

ಬೆಂಗಳೂರಿನವರೊಬ್ಬರಿಂದ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದು. ನೋಡೋಕೆ ಬಲು ಚೆಂದ ಇತ್ತು. 17 ಇಂಚಿನ ಹೊಳೆಯುವ ಅಲಾಯ್ ವೀಲು, 225/45 ಟಯರು (225 ಮಿಲಿಮೀಟರ್ ಅಗಲ, ಪಕ್ಕದ ಗೋಡೆ ಆ ಅಗಲದ ನೂರಕ್ಕೆ 45), ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಎರಡು ಬೆರಳು ಜಾಗ. ಪೆಟ್ರೋಲ್ ಬಂಕಿನಲ್ಲಿ ಹುಡುಗರು ಫೋಟೊ ತೆಗೆದುಕೊಳ್ಳುತ್ತಿದ್ದರು. ಒಳಗೆ ಕೂತವರ ಕಥೆ ಬೇರೆ. ಕುಣಿಗಲ್‌ಗೆ ಒಂದು ಮದುವೆಗೆ ಹೋಗಿ ಬಂದ ಮೇಲೆ ನನ್ನ ಹೆಂಡತಿ, "ಸೊಂಟ ಹೋಯ್ತು ಕಣ್ರೀ. ಮುಂದಿನ ಸಲ ನೀವು ಇದ್ರಲ್ಲಿ ಬನ್ನಿ, ನಾನು ಬಸ್ಸಲ್ಲಿ ಬರ್ತೀನಿ" ಅಂದಳು. ತಮಾಷೆಗೆ ಹೇಳಿದ್ದಲ್ಲ.

ರಸ್ತೆ ಹಂಪ್ ಹೇಗಿರಬೇಕು ಅನ್ನೋದಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಒಂದು ಲೆಕ್ಕ ಇದೆ. ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್. ಅಂಥ ಹಂಪ್ ಮೇಲೆ 25 ಕಿಲೋಮೀಟರ್ ವೇಗದಲ್ಲಿ ಹೋದರೆ ಗಾಡಿ ಮೆತ್ತಗೆ ಎದ್ದು ಮೆತ್ತಗೆ ಇಳಿಯುತ್ತದೆ. ನಮ್ಮ ಬೀದಿಯ ಹಂಪನ್ನು ಯಾರೋ ಮನೆ ಕಟ್ಟಿ ಉಳಿದ ಕಾಂಕ್ರೀಟಿನಲ್ಲಿ ಹಾಕಿದ್ದಾರೆ. ಎತ್ತರಕ್ಕೆ ಕಂಜೂಸಿ ಮಾಡಿಲ್ಲ. ಅಗಲ ಮಾತ್ರ ಒಂದು ಮೊಳ. ಅದರ ಮೇಲೆ ನನ್ನ ಗಾಡಿ ಓರೆಯಾಗಿ, ಒಂದೊಂದೇ ಚಕ್ರ ಏರಿಸಿಕೊಂಡು ದಾಟಬೇಕಿತ್ತು. ಆದರೂ ಹೊಟ್ಟೆ ಉಜ್ಜುತ್ತಿತ್ತು.

ಸಸ್ಪೆನ್ಷನ್ ಪೂರ್ತಿ ಹೊಸದು ಮಾಡಿಸೋಣ ಅಂತ ತೀರ್ಮಾನಿಸಿದಾಗ ಅಕ್ಕನ ಮಗ ಕುಣಿದಾಡಿಬಿಟ್ಟ. ಅವನಿಗೆ ಇದೆಲ್ಲ ಪ್ರಾಣ. "ಮಾಮ, 30 ಎಂ.ಎಂ. ಲೋವರಿಂಗ್ ಸ್ಪ್ರಿಂಗ್ ಹಾಕ್ಸು, ಜೊತೆಗೆ ಬಿಲ್‌ಸ್ಟೈನ್ ಬಿ8. ಗಾಡಿ ರೋಡಿಗೆ ಅಂಟ್ಕೊಳುತ್ತೆ." ಬಿಲ್‌ಸ್ಟೈನ್ ಶಾಕ್ ಅಬ್ಸಾರ್ಬರ್ ಕಂಪನಿ. ಅದರ ಬಿ8 ಅಂದರೆ ಗಾಡಿ ತಗ್ಗಿಸುವ ಸ್ಪ್ರಿಂಗಿಗೆ ಅಂತಲೇ ಮಾಡಿದ ಗಿಡ್ಡ ಶಾಕ್. ಕಂಪನಿ ಎತ್ತರದ ಸ್ಪ್ರಿಂಗ್ ಇಟ್ಟುಕೊಳ್ಳುವವರಿಗೆ ಬಿ6 ಇದೆ. ನಾನು ಬಿ6 ತರಿಸಿದೆ. ಹುಡುಗ ವಾರಗಟ್ಟಲೆ ಮುಖ ಊದಿಸಿಕೊಂಡಿದ್ದ.

ನನ್ನ ವಾದ ಸರಳ. ಗಾಡಿ ಚೆನ್ನಾಗಿ ತಿರುಗಬೇಕು ಅಂದರೆ ಟಯರು ನೆಲ ಬಿಡಬಾರದು. ರೇಸ್ ಟ್ರ್ಯಾಕಿನಂಥ ನುಣ್ಣನೆ ನೆಲದಲ್ಲಿ ಗಾಡಿ ಕೆಳಗಿದ್ದಷ್ಟೂ ಒಳ್ಳೆಯದು, ಒಪ್ಪುತ್ತೇನೆ. ಸ್ಮಾರ್ಟ್ ಸಿಟಿ ಕೆಲಸಕ್ಕೆ ಅಗೆದು ಮುಚ್ಚಿದ ನಮ್ಮ ರಸ್ತೆಗಳಲ್ಲಿ ಚಕ್ರಕ್ಕೆ ಮೇಲೆ ಕೆಳಗೆ ಆಡಲು ಜಾಗ ಬೇಕು. ಆ ಜಾಗವನ್ನೇ ಕಿತ್ತುಕೊಂಡರೆ ಎಂಥ ದುಬಾರಿ ಶಾಕ್ ಹಾಕಿದರೂ ಅದು ತುದಿಗೆ ಹೋಗಿ ಗುದ್ದುತ್ತದೆ.

ಸ್ಪ್ರಿಂಗ್‌ಗಳನ್ನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದೆ. ಈ ಗಾಡಿಗಳ ಸ್ಪ್ರಿಂಗ್ ಮೇಲೆ ಬಣ್ಣದ ಚುಕ್ಕೆಗಳಿರುತ್ತವೆ. ಇಂಜಿನ್ ಯಾವುದು, ತೂಕ ಎಷ್ಟು ಅನ್ನುವುದರ ಮೇಲೆ ಚುಕ್ಕೆ ಬದಲಾಗುತ್ತದೆ. ಡೀಸೆಲ್ ಗಾಡಿಯದ್ದು ಪೆಟ್ರೋಲಿಗೆ ಹಾಕಿದರೆ ಮೂತಿ ಮೇಲಕ್ಕೆದ್ದು ಕೂರುತ್ತದೆ. ಅಂಗಡಿಯವರು "ಎಲ್ಲಾ ಒಂದೇ ಸಾರ್, ತಗೊಳ್ಳಿ" ಅನ್ನುತ್ತಾರೆ. ಒಂದೇ ಅಲ್ಲ. ಜೊತೆಗೆ ಟಾಪ್ ಮೌಂಟ್ (ಶಾಕಿನ ಮೇಲ್ತುದಿಯನ್ನು ಬಾಡಿಗೆ ಕೂರಿಸುವ ರಬ್ಬರು), ಅದರ ಬೇರಿಂಗ್, ಬಂಪ್ ಸ್ಟಾಪ್ (ಶಾಕ್ ಪೂರ್ತಿ ಕುಸಿದಾಗ ತಡೆಯುವ ತುಂಡು), ಲಿಂಕ್ ರಾಡ್, ಚಕ್ರ ಹಿಡಿಯುವ ಕೆಳಗಿನ ತೋಳಾದ ಲೋವರ್ ಆರ್ಮಿನ ರಬ್ಬರ್ ಬುಷ್, ಬಾಲ್ ಜಾಯಿಂಟ್ ಎಲ್ಲ ತಂದೆ. ಇಪ್ಪತ್ತು ವರ್ಷದ ರಬ್ಬರನ್ನು ಹಾಗೇ ಬಿಟ್ಟು ಹೊಸ ಶಾಕ್ ಹಾಕಿಸುವುದು ಕಾಸು ದಂಡ.

ಕೆಲಸ ಮಾಡಿದ್ದು ಅಂತರಸನಹಳ್ಳಿ ಕಡೆಯ ಒಂದು ಗ್ಯಾರೇಜಿನಲ್ಲಿ. ಮೇಸ್ತ್ರಿ ಅಂಬಾಸಡರ್ ಕಾಲದಿಂದ ಕೈ ಪಳಗಿಸಿಕೊಂಡವರು. ಮಾತು ಕಮ್ಮಿ. ಬೆಳಗ್ಗೆ ಗಾಡಿಯ ಹಿಂಭಾಗವನ್ನು ಜಾಕ್ ಮೇಲೆ ಎತ್ತಿದರು. ಆಕ್ಟೇವಿಯಾದಲ್ಲಿ ಹಿಂದಿನ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಸ್ಪ್ರಿಂಗ್ ಆಕ್ಸಲ್ ಬೀಮಿಗೂ (ಎರಡು ಹಿಂದಿನ ಚಕ್ರ ಜೋಡಿಸುವ ತೊಲೆ) ಬಾಡಿಗೂ ನಡುವೆ ಸುಮ್ನೆ ಕೂತಿರುತ್ತದೆ. ಚಕ್ರ ಜೋತು ಬಿದ್ದಾಗಲೂ ಅದು ತನ್ನ ಜಾಗದಲ್ಲಿ ಬಿಗಿಯಾಗಿ ನಿಂತಿರಬೇಕು. ಮೇಸ್ತ್ರಿ ಕೈ ಹಾಕಿ ಎಳೆದರು. ಸ್ಪ್ರಿಂಗ್ ಸಲೀಸಾಗಿ ಹೊರಗೆ ಬಂತು.

"ಯಾರೋ ಕುಯ್ದವ್ರೆ ನೋಡಿ ಸಾರ್" ಅಂದರು. ತುದಿಯಲ್ಲಿ ಗ್ರೈಂಡರ್ ಹಾಕಿದ ಗುರುತು ಹಾಗೇ ಇತ್ತು. ಸುಮಾರು ಒಂದು ಸುತ್ತು ಕತ್ತರಿಸಿದ್ದರು.

ಗಾಡಿ ಇಳಿಸೋಕೆ ಇದು ತೀರ ಅಗ್ಗದ ದಾರಿ. ತುಂಬ ಜನ ಮಾಡಿಸುತ್ತಾರೆ. ಸ್ಪ್ರಿಂಗಿನಲ್ಲಿ ಸುತ್ತು ಕಮ್ಮಿಯಾದಷ್ಟೂ ಅದು ಗಡುಸಾಗುತ್ತದೆ. ಜೊತೆಗೆ ಶಾಕ್ ಯಾವಾಗಲೂ ಅರ್ಧ ಒಳಗೇ ಕುಸಿದಿರುತ್ತದೆ, ಚಿಕ್ಕ ಗುಂಡಿಗೂ ಬಂಪ್ ಸ್ಟಾಪ್ ತಾಗುತ್ತದೆ. ನನ್ನ ಹೆಂಡತಿಯ ಸೊಂಟ ತಡೆದುಕೊಂಡಿದ್ದು ಈ ಗುದ್ದನ್ನೇ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಸ್ಪ್ರಿಂಗಿನ ತುದಿಯನ್ನು ಕಂಪನಿಯವರು ಅದರ ತಟ್ಟೆಯಲ್ಲಿ ಸರಿಯಾಗಿ ಕೂರುವ ಹಾಗೆ ಬಾಗಿಸಿರುತ್ತಾರೆ. ಕತ್ತರಿಸಿದರೆ ಆ ತುದಿಯೇ ಹೋಗುತ್ತದೆ. ವೇಗವಾಗಿ ಹೋಗುವಾಗ ದಿಬ್ಬ ಹಾರಿ ಚಕ್ರ ಪೂರ್ತಿ ಇಳಿದರೆ ಸ್ಪ್ರಿಂಗ್ ಜಾಗ ತಪ್ಪಬಹುದು. ಅಕ್ಕನ ಮಗ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಆ ದಿನ ಅವನ ಬಾಯಲ್ಲಿ ಲೋವರಿಂಗ್ ಅನ್ನುವ ಮಾತು ಬರಲಿಲ್ಲ.

ಮುಂದಿನ ಭಾಗ ಪೀಡಿಸಿತು. ಈ ಗಾಡಿಯಲ್ಲಿ ಮುಂದೆ ಶಾಕೂ ಸ್ಪ್ರಿಂಗೂ ಒಂದೇ ಜೋಡಣೆ, ಅದಕ್ಕೆ ಸ್ಟ್ರಟ್ ಅನ್ನುತ್ತಾರೆ. ಅದರ ಕೊಳವೆ ಕೆಳಗೆ ನಕಲ್ (knuckle, ಚಕ್ರ ಹೊರುವ ಲೋಹದ ಗಂಟು) ಒಳಗೆ ತೂರಿಕೊಂಡಿರುತ್ತದೆ. ನಕಲ್‌ಗೆ ಒಂದು ಸೀಳು ಇದೆ, ಅದನ್ನು ಒಂದು ಬೋಲ್ಟು ಬಿಗಿ ಹಿಡಿದಿರುತ್ತದೆ. ಬೋಲ್ಟು ತೆಗೆದರೂ ಸ್ಟ್ರಟ್ ಜಗ್ಗುವುದಿಲ್ಲ, ಸೀಳನ್ನು ಅಗಲಿಸಬೇಕು. ಅದಕ್ಕೆ ಒಂದು ಟೂಲ್ ಬರುತ್ತದೆ. ತುದಿ ಮೊಟ್ಟೆಯಾಕಾರ, ಒಂದು ಕಡೆ ಐದೂವರೆ ಮಿಲಿಮೀಟರ್, ಇನ್ನೊಂದು ಕಡೆ ಎಂಟು. ಸೀಳಿಗೆ ತೂರಿಸಿ ಕಾಲು ಸುತ್ತು ತಿರುಗಿಸಿದರೆ ಬಾಯಿ ಬಿಡುತ್ತದೆ. ಮೇಸ್ತ್ರಿ ಹತ್ತಿರ ಅದು ಇರಲಿಲ್ಲ. ಉಳಿ ಇಟ್ಟು ಹೊಡೆದು ಅಗಲಿಸುವವರಿದ್ದಾರೆ, ನಕಲ್ ಬಿರುಕು ಬಿಟ್ಟರೆ ಗತಿ ಏನು? ಇವರು ಹಳೆಯ ಅಲೆನ್ ಕೀಯೊಂದನ್ನು ತೆಗೆದುಕೊಂಡು, ಗ್ರೈಂಡರಿನಲ್ಲಿ ಎರಡು ಪಕ್ಕ ಸವರಿ, ಕ್ಯಾಲಿಪರ್ ಹಿಡಿದು ಅಳೆದು, ಮತ್ತೆ ಸವರಿ ಟೂಲನ್ನೇ ಮಾಡಿಬಿಟ್ಟರು. ಚಹಾ ಕುಡಿಯುವಷ್ಟರಲ್ಲಿ ಸ್ಟ್ರಟ್ ಕೆಳಗಿತ್ತು.

ಟಾಪ್ ಮೌಂಟಿನ ರಬ್ಬರು ಸುತ್ತಲೂ ಬಿರಿದಿತ್ತು. ಬೇರಿಂಗ್ ತಿರುಗಿಸಿದರೆ ಮರಳು ಸಿಕ್ಕಿದ ಹಾಗೆ ಗರಗರ ಅಂತಿತ್ತು. ಪಾರ್ಕಿಂಗಿನಲ್ಲಿ ಸ್ಟೇರಿಂಗ್ ತಿರುಗಿಸಿದಾಗ ಬರುತ್ತಿದ್ದ ಟಕ್ ಟಕ್ ಸದ್ದಿನ ಮೂಲ ಅದೇ. ಸ್ಪ್ರಿಂಗನ್ನು ಕಂಪ್ರೆಸರ್ ಹಾಕಿ ಅಮುಕಿ ಜೋಡಿಸುವಾಗ ಮೇಸ್ತ್ರಿ ನಮ್ಮಿಬ್ಬರನ್ನೂ ದೂರ ಕಳಿಸಿದರು. ಕಂಪ್ರೆಸರ್ ಜಾರಿದರೆ ಎದುರಿಗಿದ್ದವರ ಮುಖ ಉಳಿಯುವುದಿಲ್ಲ.

ಮೇಸ್ತ್ರಿ ಮೇಲೆ ನನಗೆ ಪೂರ್ತಿ ನಂಬಿಕೆ ಬಂದಿದ್ದು ಬುಷ್ ಬಿಗಿಯುವಾಗ. ಲೋವರ್ ಆರ್ಮ್ ಬೋಲ್ಟುಗಳನ್ನು ಕೈಯಲ್ಲಿ ಸಿಕ್ಕಿಸಿ ಬಿಟ್ಟರು, ಟೈಟ್ ಮಾಡಲಿಲ್ಲ. "ಚಕ್ರ ಹಾಕಿ ಗಾಡಿ ನೆಲಕ್ಕೆ ಕೂರ್ಲಿ ಸಾರ್. ಆಮೇಲೆ ಟೈಟು." ಇದರ ಮರ್ಮ ಇಷ್ಟೇ. ಚಕ್ರ ಜೋತಾಡುತ್ತಿರುವಾಗ ಬೋಲ್ಟು ಬಿಗಿದರೆ ಬುಷ್‌ನ ರಬ್ಬರು ಆ ಭಂಗಿಯಲ್ಲೇ ಕಚ್ಚಿಕೊಳ್ಳುತ್ತದೆ. ಗಾಡಿ ಇಳಿಸಿದ ಕೂಡಲೇ ಅದು ತಿರುಚಿಕೊಂಡು, ನಿಂತಲ್ಲೇ ಎಳೆತದಲ್ಲಿರುತ್ತದೆ. ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಆಗ ಎಲ್ಲರೂ ಬುಷ್ ಡೂಪ್ಲಿಕೇಟು ಅಂತ ಬೈಯುತ್ತಾರೆ. ನೆಲದ ಮೇಲೆ ನಿಂತ ಗಾಡಿಯ ಕೆಳಗೆ ನುಸುಳಿ ಬಿಗಿಯೋದು ಸೊಂಟಕ್ಕೆ ಕಷ್ಟದ ಕೆಲಸ, ಅದಕ್ಕೇ ಬಹಳ ಕಡೆ ಬಿಟ್ಟುಬಿಡುತ್ತಾರೆ.

ಇನ್ನು ಚಕ್ರ. ಇಲ್ಲಿ ನಾನು ಎಲ್ಲರೂ ಹೋಗುವ ದಿಕ್ಕಿಗೆ ಉಲ್ಟಾ ಹೋದೆ, 17 ಇಂಚಿನಿಂದ 16ಕ್ಕೆ ಇಳಿದೆ. 225/45 ಆರ್17 ಟಯರಿನ ಒಟ್ಟು ವ್ಯಾಸ 634 ಮಿಲಿಮೀಟರ್, 205/55 ಆರ್16ರದ್ದು 632. ಹೆಚ್ಚುಕಮ್ಮಿ ಒಂದೇ, ಸ್ಪೀಡೋಮೀಟರಿಗೆ ಗೊತ್ತೂ ಆಗುವುದಿಲ್ಲ. ಟಯರಿನ ಪಕ್ಕದ ಗೋಡೆ ಮಾತ್ರ 101ರಿಂದ 113 ಮಿಲಿಮೀಟರಿಗೆ ಏರುತ್ತದೆ. ಗುಂಡಿಯಲ್ಲಿ ಬಿದ್ದಾಗ ರಿಮ್ ಬೆಂಡ್ ಆಗದ ಹಾಗೆ ಕಾಯುವುದು ಆ ಗೋಡೆ. ಎರಡೂ ಚಕ್ರಗಳನ್ನು ಪಕ್ಕದ ಗುಜರಿ ಅಂಗಡಿಯ ತಕ್ಕಡಿ ಮೇಲೆ ಇಟ್ಟು ನೋಡಿದೆವು. ಟಯರ್ ಸಮೇತ ಒಂದೊಂದಕ್ಕೆ ಮೂರು ಕೆ.ಜಿ. ಹತ್ತಿರ ವ್ಯತ್ಯಾಸ ಇತ್ತು. ಸ್ಪ್ರಿಂಗಿನ ಕೆಳಗಿರುವ ತೂಕ ಇಳಿದಷ್ಟೂ ಶಾಕಿಗೆ ಚಕ್ರವನ್ನು ಹತೋಟಿಯಲ್ಲಿ ಇಡುವುದು ಸುಲಭ.

ಈ ಗಾಡಿಗೆ ಐದು ಬೋಲ್ಟು, 100 ಮಿಲಿಮೀಟರ್ ವೃತ್ತದಲ್ಲಿ. ಆಮೇಲೆ ಬಂದ ಸ್ಕೋಡಾ ಲಾರಾಗೆ 112. ಅಂಗಡಿಯಲ್ಲಿ "ಸ್ಕೋಡಾ ವೀಲ್ ಕೊಡಿ" ಅಂದರೆ ಲಾರಾದ್ದು ಹಿಡಿಸಿಬಿಡುತ್ತಾರೆ, ಕೂರುವುದೇ ಇಲ್ಲ. ಪೋಲೊ, ವೆಂಟೊ, ರ‍್ಯಾಪಿಡ್‌ಗಳಿಗೆ ಇರುವುದು ಐದು, 100ದ ಲೆಕ್ಕವೇ. ಎರಡನೇ ಅಳತೆ ನಡುವಿನ ತೂತು. ಗಾಡಿಯಲ್ಲಿ ಆ ತೂತು ಕೂರುವ ಹಬ್ ಇರೋದು 57.1 ಮಿಲಿಮೀಟರ್. ಹಳೆಯ 17 ಇಂಚಿನ ರಿಮ್ಮುಗಳ ತೂತು 73.1. ನಡುವೆ ಒಂದು ರಿಂಗ್ ಹಾಕಬೇಕಿತ್ತು, ಯಾರೂ ಹಾಕಿರಲಿಲ್ಲ. ಚಕ್ರ ಸೂಜಿಮೊನೆಯಷ್ಟು ಆಚೀಚೆ ಕೂತಿತ್ತು. ಹೆದ್ದಾರಿಯಲ್ಲಿ 90 ದಾಟಿದರೆ ಸ್ಟೇರಿಂಗ್ ನಡುಗುತ್ತಿದ್ದುದು ಅದಕ್ಕೇ. ಎಷ್ಟು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗುತ್ತಿರಲಿಲ್ಲ. ನಾನು ತಂದ 16 ಇಂಚಿನವು ಇದೇ ಬಳಗದ ಗಾಡಿಯ ಕಂಪನಿ ರಿಮ್ಮುಗಳು, ಹಬ್ ಮೇಲೆ ನೇರ ಕೂತವು.

ಬೋಲ್ಟಿನದ್ದೂ ಒಂದು ಕಿತಾಪತಿ ಇದೆ. ಕಂಪನಿ ರಿಮ್ಮಿಗೆ ಬೋಲ್ಟಿನ ಕತ್ತು ಗುಂಡಗಿರಬೇಕು, ಹೊರಗಿನ ಅಲಾಯ್‌ಗಳಿಗೆ ಹೆಚ್ಚಾಗಿ ಶಂಕುವಿನ ಹಾಗೆ ಚೂಪು. ಅದಲು ಬದಲಾದರೆ ಕೂರುವುದು ಒಂದು ಗೆರೆಯಷ್ಟು ಅಂಚಿನ ಮೇಲೆ ಮಾತ್ರ, ಓಡುತ್ತಾ ಸಡಿಲವಾಗುತ್ತದೆ. ಗಾಡಿಯಲ್ಲಿ ಇದ್ದದ್ದು ಚೂಪು ಬೋಲ್ಟುಗಳು ಮಾತ್ರ. ಸ್ಟೆಪ್ನಿ ಕಂಪನಿಯ ಕಬ್ಬಿಣದ ರಿಮ್ಮು, ಅದಕ್ಕೂ ಗುಂಡನೆಯದೇ ಬೇಕು. ಅಂದರೆ ಹಳೆಯ ಮಾಲೀಕರು ದಾರಿಯಲ್ಲಿ ಪಂಕ್ಚರ್ ಆಗಿ ಸ್ಟೆಪ್ನಿ ಹಾಕಿದ್ದರೆ ಅದನ್ನು ತಪ್ಪು ಬೋಲ್ಟಿನಲ್ಲೇ ಹಾಕಬೇಕಿತ್ತು. ಹೊಸ ಸೆಟ್ ಬೋಲ್ಟು ತರಿಸಿ, ಟಾರ್ಕ್ ರೆಂಚಿನಲ್ಲಿ 120 ನ್ಯೂಟನ್ ಮೀಟರ್‌ಗೆ ಬಿಗಿಸಿದೆವು.

ಟಯರ್ ಕೊಳ್ಳುವಾಗ ಪಕ್ಕದ ನಾಲ್ಕು ಅಂಕಿ ಓದಿಯೇ ಹಾಕಿಸಿದೆ. ಮೊದಲ ಎರಡು ಅಂಕಿ ಟಯರು ತಯಾರಾದ ವಾರ, ಕೊನೆಯ ಎರಡು ತಯಾರಾದ ವರ್ಷ. ಅಳತೆಯ ಪಕ್ಕದಲ್ಲಿರುವ 91ವಿ ಅಂದರೆ ಒಂದು ಟಯರು 615 ಕೆ.ಜಿ. ಹೊರುತ್ತದೆ, 240 ಕಿಲೋಮೀಟರ್ ವೇಗದವರೆಗೆ ತಡೆಯುತ್ತದೆ. ಎರಡನೆಯದು ನನಗೆ ಬೇಕಾಗಿಲ್ಲ ಬಿಡಿ. ನೋಂದಣಿ ನವೀಕರಣಕ್ಕೆ ಐದು ವರ್ಷಕ್ಕೊಮ್ಮೆ ಆರ್‌ಟಿಒ ಮುಂದೆ ನಿಲ್ಲಿಸಬೇಕಾದ ವಯಸ್ಸಿನ ಗಾಡಿ ಇದು. ಕಂಪನಿ ಎತ್ತರ, ಹತ್ತಿರ ಹತ್ತಿರ ಕಂಪನಿ ವ್ಯಾಸ ಇದ್ದರೆ ಅಲ್ಲಿ ತಲೆನೋವು ಕಮ್ಮಿ. ಅಲೈನ್‌ಮೆಂಟಿನಲ್ಲಿ ಹೆಚ್ಚು ಕೆಲಸ ಇರಲಿಲ್ಲ. ಹಿಂದಿನ ಬೀಮಿನಲ್ಲಿ ತಿರುಗಿಸೋಕೆ ಏನೂ ಇಲ್ಲ, ಮುಂದೆ ಟೋ ಒಂದೇ, ಅಂದರೆ ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ.

ಮಾರನೇ ದಿನ ಬೆಳಗ್ಗೆ ಹುಡುಗನನ್ನು ಕೂರಿಸಿಕೊಂಡು ದೇವರಾಯನದುರ್ಗಕ್ಕೆ ಹೊರಟೆ. ಬೀದಿಯ ಹಂಪಿನ ಮೇಲೆ ನೇರವಾಗಿ, ಎರಡೂ ಚಕ್ರ ಒಟ್ಟಿಗೆ ಏರಿಸಿದೆ. ಏನೂ ತಾಗಲಿಲ್ಲ. ನಾಮದ ಚಿಲುಮೆ ದಾಟಿದ ಮೇಲೆ ಕಾಡಿನ ನಡುವೆ ರಸ್ತೆ ಸುತ್ತಿಕೊಂಡು ಹೋಗುತ್ತದೆ. ಅಲ್ಲಿ ಒಂದು ತಿರುವಿನ ನಡುವೆ ಡಾಂಬರು ತೇಪೆ ಇದೆ. ಮೊದಲು ಅದರ ಮೇಲೆ ಗಾಡಿ ಟಪ್ ಅಂತ ಹಾರಿ ಹೊರಗಡೆಗೆ ಜಾರುತ್ತಿತ್ತು, ನಾನು ಉಸಿರು ಬಿಗಿಹಿಡಿದು ಸ್ಟೇರಿಂಗ್ ಸರಿ ಮಾಡುತ್ತಿದ್ದೆ. ಈಗ ತೇಪೆ ಬಂತು, ಹೋಯಿತು. ಗಾಡಿ ಒಂದು ಸಲ ಕುಸಿದು ಎದ್ದು ಹಿಡಿದ ದಾರಿಯಲ್ಲೇ ನಿಂತಿತು. ಎರಡನೇ ಸಲ ಓಲಾಡಲಿಲ್ಲ.

ಕಳೆದುಕೊಂಡದ್ದೂ ಇದೆ. ಸ್ಟೇರಿಂಗ್ ತಿರುಗಿಸಿದ ತಕ್ಷಣ ಮೂತಿ ತಿರುಗುವ ಆ ಚುರುಕು 17 ಇಂಚಿನಲ್ಲಿ ಜಾಸ್ತಿ ಇತ್ತು. ಈಗ ಟಯರಿನ ಗೋಡೆ ಮೊದಲು ಬಾಗುತ್ತದೆ, ಆಮೇಲೆ ಗಾಡಿ ಬರುತ್ತದೆ. ಬಿ6 ಗಡುಸು ಕೂಡ. ನಿಧಾನ ಹೋಗುವಾಗ ಸಣ್ಣಪುಟ್ಟ ಗುಂಡಿ ಇನ್ನೂ ಗೊತ್ತಾಗುತ್ತದೆ. ಮೆತ್ತಗೆ ಬೇಕು ಅನ್ನುವವರು ಅದೇ ಬಿಲ್‌ಸ್ಟೈನಿನ, ಕಂಪನಿ ಶಾಕಿನ ಥರದ ಬಿ4 ಹಾಕಿಸಿದರೆ ಸಾಕು.

ಬೆಟ್ಟದ ಮೇಲೆ ಗಾಡಿ ನಿಲ್ಲಿಸಿ, ಕೋತಿಗಳು ಬರುವ ಮೊದಲು ಕಿಟಕಿ ಏರಿಸಿ ಇಳಿದೆವು. ಹುಡುಗ ನಾಲ್ಕು ಹೆಜ್ಜೆ ಹಿಂದೆ ಹೋಗಿ, ಸೊಂಟದ ಮೇಲೆ ಕೈ ಇಟ್ಟು ನೋಡಿದ.

"ಓಡೋದು ಸೂಪರ್ ಮಾಮ. ಆದ್ರೆ ನೋಡೋಕೆ ಟ್ಯಾಕ್ಸಿ ಥರ ಆಯ್ತು."

ಚಕ್ರದ ಮೇಲೆ ಈಗ ನಾಲ್ಕು ಬೆರಳು ಜಾಗ ಇದೆ. ಸುಳ್ಳಲ್ಲ ಅವನು ಹೇಳಿದ್ದು.

ಇಳಿಯುವಾಗ ಮೆಲ್ಲಗೆ ವಿಷಯಕ್ಕೆ ಬಂದ. ಆ 17 ಇಂಚಿನ ರಿಮ್ಮುಗಳು ಈಗ ಸುಮ್ನೆ ಬಿದ್ದಿರುತ್ತವಲ್ಲ, ಅವನಿಗೆ ಕೊಡಬಹುದಾ ಅಂತ. "ನಿನ್ನ ಸ್ವಿಫ್ಟ್‌ಗೆ ನಾಲ್ಕೇ ಬೋಲ್ಟು ಕಣೋ, ಐದನೇ ತೂತಿಗೆ ಏನ್ ಹಾಕ್ತೀಯ?" ಅಂದೆ. ಕೊನೆಗೆ ಶಿರಾದ ಕಡೆಯ ಪೋಲೊ ಇಟ್ಟವರೊಬ್ಬರು ರಿಮ್ಮು ಮಾತ್ರ ತೆಗೆದುಕೊಂಡು ಹೋದರು. ರಿಂಗ್ ತರಿಸಿಕೊಂಡು ಬಂದು ತೋರಿಸಿದ ಮೇಲೇ ಕೊಟ್ಟೆ. ಹಳೇ ಟಯರು ಗುಜರಿಗೆ ಹೋಯಿತು.