ಟೊಮೆಟೊ ಸಾಗಣೆ ಮಾಡೆಲ್: ಅರ್ಧ ತುಂಬಿದ ಗಾಡಿಯ ಲೆಕ್ಕ

ಕೋಲಾರದ ಟೊಮೆಟೊವನ್ನು ಆದಷ್ಟು ಕಡಿಮೆ ಖರ್ಚಿನಲ್ಲಿ ಸಾಗಿಸುವ ದಾರಿ ಹುಡುಕಲು ಒಂದು ಕಂಪ್ಯೂಟರ್ ಮಾಡೆಲ್ ಕಟ್ಟುತ್ತಿದ್ದೇನೆ. ಅದರಲ್ಲಿ ಮೊದಲಿಗೆ ಇದ್ದದ್ದು ಮೂರು ಹಂತ: ತೋಟ, ಮಂಡಿ, ಕೊಳ್ಳುವ ಊರು. ತೋಟಗಳು ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕಿನವು. ನಡುವೆ ಕೋಲಾರದ ಎಪಿಎಂಸಿ ಮತ್ತು ಮುಳಬಾಗಿಲು ತಾಲ್ಲೂಕಿನ ವಡ್ಡಹಳ್ಳಿ ಮಾರುಕಟ್ಟೆ. ಆಚೆ ತುದಿಯಲ್ಲಿ ಬೆಂಗಳೂರು, ಚೆನ್ನೈ. ಬಾಡಿಗೆ ದರ ಸದ್ಯಕ್ಕೆ ಅಂದಾಜಿನದು.

ಮೊದಲ ಆವೃತ್ತಿ ಪೈಥಾನ್‌ನ ಪಲ್ಪ್ ಲೈಬ್ರರಿಯಲ್ಲಿ ಬರೆದ ಸಾದಾ ಲೀನಿಯರ್ ಪ್ರೋಗ್ರಾಂ, ಅಂದರೆ ಕೊಟ್ಟ ನಿಯಮಗಳೊಳಗೆ ಅತಿ ಕಡಿಮೆ ಖರ್ಚಿನ ಹಂಚಿಕೆ ಹುಡುಕುವ ಲೆಕ್ಕ. ನಿಯಮ ಮೂರೇ. ತೋಟದಲ್ಲಿ ಇರುವುದಕ್ಕಿಂತ ಜಾಸ್ತಿ ಹೊರಡಬಾರದು. ಊರಿಗೆ ಬೇಕಾದಷ್ಟು ತಲುಪಬೇಕು. ಮಂಡಿಗೆ ಬಂದದ್ದೆಲ್ಲ ಮಂಡಿಯಿಂದ ಹೊರಗೆ ಹೋಗಬೇಕು. ಈ ಮೂರನೆಯದೇ ಮಾಡೆಲ್‌ನ ಜೀವ. ಅದನ್ನು ತೆಗೆದರೆ ತೋಟದಿಂದ ಏನೂ ಹೊರಡದೆಯೇ ಮಂಡಿಯಿಂದ ಊರಿಗೆ ಮಾಲು ಹೋದಂತೆ ಲೆಕ್ಕ ಬರುತ್ತದೆ. ತೋಟದಿಂದ ಮಂಡಿಯವರೆಗಿನ ಬಾಡಿಗೆ ಮಾತ್ರ ನೋಡಿದರೆ ಪ್ರತಿ ಹಳ್ಳಿಗೂ ಹತ್ತಿರದ ಮಂಡಿಯೇ ಅಗ್ಗ. ಮಂಡಿಯಿಂದ ಊರಿಗೆ ಹೋಗುವ ಲಾರಿ ಬಾಡಿಗೆಯೂ ಸೇರಿದಾಗ ಚಿತ್ರವೇ ಬೇರೆ. ಕೋಲಾರಕ್ಕೆ ಹೋಲಿಸಿದರೆ ಮುಳಬಾಗಿಲು ಚೆನ್ನೈಗೆ ಹತ್ತಿರ, ಬೆಂಗಳೂರಿಗೆ ದೂರ. ಹಾಗಾಗಿ ಎರಡೂ ಮಂಡಿಗಳ ನಡುವೆ ಇರುವ ಹಳ್ಳಿಗೆ ಯಾವ ಮಂಡಿ ಅಗ್ಗ ಅನ್ನುವುದನ್ನು ಮಾಲು ಕೊನೆಗೆ ಸೇರುವ ಊರು ತೀರ್ಮಾನಿಸುತ್ತದೆ.

ಈ ವಾರ ಪೂರ್ತಿ ಗಾಡಿಗಳ ಕೆಲಸ. ಲೀನಿಯರ್ ಮಾಡೆಲ್ ಬಾಕ್ಸಿಗೆ ಇಷ್ಟು ರೂಪಾಯಿ ಎಂದು ಲೆಕ್ಕ ಹಾಕುತ್ತದೆ. ರೈತ ಕೊಡುವುದು ಗಾಡಿ ಬಾಡಿಗೆ, ಅಲ್ವಾ? ಕೋಲಾರದಲ್ಲಿ ಒಂದು ಬಾಕ್ಸ್ ಅಂದರೆ 15 ಕೆಜಿ ಹಣ್ಣು. ಸಣ್ಣ ಗಾಡಿಯ ಮಿತಿ 750 ಕೆಜಿ ಎಂದು ಹಿಡಿದಿದ್ದೇನೆ. ಬಾಕ್ಸಿನ ತೂಕವೂ ಸೇರಿ ಗಾಡಿಗೆ 45 ಬಾಕ್ಸ್. ಅಕ್ಕಪಕ್ಕದ ಮೂರು ಹಳ್ಳಿಗಳಲ್ಲಿ 30 ಬಾಕ್ಸ್‌ನಂತೆ ಕಟಾವಾಯಿತು ಅಂದುಕೊಳ್ಳಿ. ಒಬ್ಬೊಬ್ಬರೇ ಹೋದರೆ ಮೂರು ಗಾಡಿ, ಒಂದೊಂದರಲ್ಲೂ ಮೂರನೇ ಒಂದು ಭಾಗ ಖಾಲಿ. ಒಂದೇ ಕಡೆ ಸೇರಿಸಿದರೆ 90 ಬಾಕ್ಸ್, ಸರಿಯಾಗಿ ಎರಡು ಗಾಡಿ. ಹಳ್ಳಿಯಿಂದ ಹಳ್ಳಿಗೆ ಸುತ್ತುವ ಡೀಸೆಲ್, ಇನ್ನೊಮ್ಮೆ ಹೇರುವ ಹಮಾಲಿ ಎರಡೂ ಸೇರಿ ಮೂರನೇ ಗಾಡಿಯ ಬಾಡಿಗೆಗಿಂತ ಕಡಿಮೆ ಇದ್ದರೆ ಉಳಿತಾಯ ಗ್ಯಾರಂಟಿ.

ಇದಕ್ಕಾಗಿ ಗಾಡಿಗಳ ಸಂಖ್ಯೆಯನ್ನು ಪೂರ್ಣಾಂಕ ಮಾಡಿ, ತೋಟ ಮತ್ತು ಮಂಡಿಯ ನಡುವೆ ಸಂಗ್ರಹ ಕೇಂದ್ರ ಎಂಬ ಹೊಸ ಹಂತ ಸೇರಿಸಿದೆ. ಉತ್ತರ ಹುಡುಕುವ ತಂತ್ರಾಂಶ, ಪಲ್ಪ್ ಜೊತೆಗೇ ಬರುವ ಸಿಬಿಸಿ ಸಾಲ್ವರ್, ಈಗ ಮುಂಚಿಗಿಂತ ನಿಧಾನ. ಆದರೂ ಇಷ್ಟು ಚಿಕ್ಕ ಜಾಲಕ್ಕೆ ಸಾಕು. ಉತ್ತರ ನೋಡಿ ನಿಜಕ್ಕೂ ಖುಷಿಯಾಯಿತು. ಮಾಡೆಲ್ ಎಲ್ಲ ಕೇಂದ್ರಗಳನ್ನೂ ತೆರೆಯಲಿಲ್ಲ. ಮಂಡಿಯಿಂದ ದೂರ ಇದ್ದು, ಒಂದೊಂದು ತೋಟದಿಂದಲೂ ಸ್ವಲ್ಪ ಸ್ವಲ್ಪವೇ ಮಾಲು ಬರುವ ಕಡೆ ಮಾತ್ರ ತೆರೆಯಿತು. ಮಂಡಿ ಪಕ್ಕದ ಹಳ್ಳಿಗಳನ್ನು ನೇರ ಮಂಡಿಗೇ ಕಳಿಸಿತು.

ಒಂದು ಅಪಾಯ ಇದೆ. ಕೇಂದ್ರದಲ್ಲಿ ಪಕ್ಕದ ಹಳ್ಳಿಯ ಮಾಲಿಗೆ ಕಾಯುತ್ತಾ ಕೂತು ಹರಾಜು ತಪ್ಪಿಸಿಕೊಂಡರೆ, ಉಳಿಸಿದ ಬಾಡಿಗೆಗಿಂತ ಬೆಲೆಯಲ್ಲೇ ಜಾಸ್ತಿ ಹೋಗುತ್ತದೆ. ಹಾಗಾಗಿ ಪ್ರತಿ ಕೇಂದ್ರಕ್ಕೂ ಗಾಡಿ ಹೊರಡುವ ಗಡುವು ಹಾಕುತ್ತಿದ್ದೇನೆ. ತುಂಬಿರಲಿ, ಬಿಡಲಿ, ಆ ಹೊತ್ತಿಗೆ ಹೊರಡಲೇಬೇಕು.

ಮುಂದಿನದು ಖಾಲಿ ಬಾಕ್ಸ್‌ಗಳು ವಾಪಸ್ ಬರುವ ದಾರಿ. ಜೊತೆಗೆ ಬಾಕ್ಸ್ ಲೆಕ್ಕದ ಬಾಡಿಗೆಗೂ ಒಂದು ಆವೃತ್ತಿ ಬರೆಯುತ್ತಿದ್ದೇನೆ. ಅಲ್ಲಿ ಗಾಡಿ ಅರ್ಧ ಖಾಲಿ ಹೋದರೆ ನಷ್ಟ ರೈತನಿಗಲ್ಲ, ಗಾಡಿಯವನಿಗೆ. ಆಗ ಮಾಲು ಒಟ್ಟು ಮಾಡುವ ಓಡಾಟವೂ ಅವನದೇ ಆಗುತ್ತದೆ.