ಬ್ಲೂ ಪುಲ್‌ಮನ್: ಕುಣಿತ ನಿಂತಿತು, ಮುಕ್ಕಾಲು ಪಾಲು

ಮೂರು ವಾರದ ಒದ್ದಾಟ ನಿನ್ನೆ ರಾತ್ರಿ ಒಂದು ದಡ ಮುಟ್ಟಿತು. ಟ್ರೈ-ಆಂಗ್ ಕಂಪನಿಯ ಹಳೇ ಬ್ಲೂ ಪುಲ್‌ಮನ್ ಮಾದರಿ ರೈಲಿನ ನಡುವಿನ ಪಾರ್ಲರ್ ಕಾರ್, ಅಂದರೆ ಪ್ರಯಾಣಿಕರ ಡಬ್ಬಿ, ಈಗ ಹಳಿ ಬಿಡುತ್ತಿಲ್ಲ. ಮೋಟಾರು ತೊಳೆದದ್ದು, ಬ್ರಷ್ ಬದಲಿಸಿದ್ದು ನಿಮಗೆ ಗೊತ್ತಿರುವ ಕೆಲಸವೇ, ಬಿಡಿ.

ತೊಂದರೆ ಒಂದೇ. ಡಬ್ಬಿ ನೇರ ಹಳಿಯ ಮೇಲೂ ತೂಗಾಡುತ್ತಿತ್ತು. ಪಾಯಿಂಟ್, ಅಂದರೆ ಹಳಿ ಕವಲೊಡೆಯುವ ಜಾಗ, ಸಿಕ್ಕಿದರೆ ಮುಗೀತು, ದಡ್ ಅಂತ ಪಕ್ಕಕ್ಕೆ.

ಮೊದಲು ನಗು ಬಂತು. ಅಸಲಿ ರೈಲೂ ಹೀಗೇ ಅಲ್ವಾ! 1960ರಲ್ಲಿ ಮ್ಯಾಂಚೆಸ್ಟರ್‌ನಿಂದ ಲಂಡನ್ನಿನ ಸೇಂಟ್ ಪ್ಯಾಂಕ್ರಸ್‌ಗೆ ಓಡಲು ಶುರುವಾದ ಆರು ಡಬ್ಬಿಯ ಡೀಸೆಲ್ ಗಾಡಿ. ಎಲ್ಲ ಫಸ್ಟ್ ಕ್ಲಾಸ್, 132 ಸೀಟು, ಏಸಿ, ಕೂತಲ್ಲಿಗೇ ಊಟ, ಗಂಟೆಗೆ 90 ಮೈಲಿ. ಆದರೆ ಅಲ್ಲಾಡುತ್ತದೆ ಅನ್ನೋ ದೂರು 1973ರಲ್ಲಿ ಗಾಡಿ ನಿಲ್ಲುವವರೆಗೂ ತೀರಲಿಲ್ಲ. ಅದರ ಬೋಗಿ, ಅಂದರೆ ಡಬ್ಬಿಯ ಕೆಳಗೆ ಚಕ್ರ ಹೊತ್ತಿರುವ ಚೌಕಟ್ಟು, ಸ್ವಿಟ್ಜರ್ಲೆಂಡಿನ ಶ್ಲೀರೆನ್ ವಿನ್ಯಾಸದ್ದು. ನಾವು ಓಡಾಡಿದ ಪೆರಂಬೂರಿನ ರೈಲು ಡಬ್ಬಿ ಕಾರ್ಖಾನೆ ಐಸಿಎಫ್‌ನ ಡಬ್ಬಿಗಳ ತವರೂ ಅದೇ! ಅಸಲಿ ಗಾಡಿ ಒಂದೂ ಉಳಿದಿಲ್ಲ, ಎಲ್ಲ ಗುಜರಿಗೆ ಹೋಯಿತು. ನನ್ನದನ್ನಾದರೂ ಉಳಿಸೋಣ ಅಂತ ಹಟ.

ಭಾರ ಸಾಲದೇನೋ ಅಂತ ಗಾಳದ ಸೀಸದ ಗುಂಡು ತುಂಬಿದೆ. ಇನ್ನೂ ಗಂಭೀರವಾಗಿ ಕುಣಿಯಿತು. ಚಕ್ರಗಳ ಒಳಮೈ ಅಂತರ ಅಳೆದೆ. ನಾಲ್ಕೂ ಜೋಡಿ 14.5 ಮಿ.ಮೀ. ಸರಿಯಾಗೇ ಇದೆ. ಹಳಿಯನ್ನು ಎರಡು ಸಲ ಕಿತ್ತು ಹಾಸಿದೆ, ಸುಮ್ನೆ.

ಕೊನೆಗೆ ಕನ್ನಡಿ ಮಲಗಿಸಿ ಚಕ್ರ ಉರುಳಿಸಿದೆ. ಮೂರು ಜೋಡಿ ನೆಟ್ಟಗೆ ಹೋದವು. ನಾಲ್ಕನೆಯದರ ಒಂದು ಚಕ್ರ, ಕೈಜಾರಿದ ತಟ್ಟೆ ನಿಲ್ಲುವ ಮುಂಚೆ ಓಲಾಡುತ್ತದಲ್ಲ, ಹಾಗೆ ಓಲಾಡಿತು. ಅಚ್ಚಿನ ಮೇಲೆ ಓರೆಯಾಗಿ ಕೂತಿದೆ! ನಾನು ಅಳೆದದ್ದು ಒಂದೇ ಕಡೆ. ಅರ್ಧ ಸುತ್ತು ತಿರುಗಿಸಿ ಕ್ಯಾಲಿಪರ್ ಇಟ್ಟರೆ 13.9. ಮೂರು ವಾರ ನನ್ನನ್ನು ಆಡಿಸಿದ್ದು ಈ 0.6.

ಹೊಸ 14.1 ಮಿ.ಮೀ. ವ್ಯಾಸದ ಚಕ್ರಕ್ಕೆ ಆರ್ಡರ್ ಹಾಕಿದೆ. ಬಂದದ್ದು 12.6, ಅಂದರೆ ವ್ಯಾಗನ್ ಚಕ್ರ, ಹತ್ತು ಜೋಡಿ. ಅಂಗಡಿಯವರನ್ನು ಕೇಳಿದರೆ "ಎರಡೂ ಓಓನೇ ಸರ್" ಅಂದರು. ಓಓ ಅಂದರೆ ಈ ಮಾದರಿ ರೈಲುಗಳ ಅಳತೆಯ ಹೆಸರು. ವಾಪಸ್ ಕಳಿಸುವ ಖರ್ಚು ಚಕ್ರಕ್ಕಿಂತ ಜಾಸ್ತಿ. ಹಳೇ ಚಕ್ರವನ್ನೇ ಕಿತ್ತು, ಫೆವಿಕ್ವಿಕ್ ಒಂದು ಹನಿ ಹಾಕಿ, ಲಂಬಕೋನ ನೋಡುವ ಟ್ರೈಸ್ಕ್ವೇರ್‌ಗೆ ಒರಗಿಸಿ ಕೂರಿಸಿದೆ. ಈಗ ಎಲ್ಲಿ ಅಳೆದರೂ 14.4ರಿಂದ 14.5. ಇಪ್ಪತ್ತು ಸುತ್ತು ಓಡಿತು. ರಿವರ್ಸ್‌ನಲ್ಲಿ ಒಂದು ಪಾಯಿಂಟ್ ಮೇಲೆ ಇನ್ನೂ ಸ್ವಲ್ಪ ನಡುಗುತ್ತದೆ. ಅಷ್ಟು ನಡುಕ ಅಸಲಿಯ ಲೆಕ್ಕಕ್ಕೆ.

ವ್ಯಾಗನ್ನಿಗೆ ಎರಡೇ ಜೋಡಿ, ಹತ್ತು ಜೋಡಿ ಅಂದರೆ ಐದು ವ್ಯಾಗನ್. 16 ಟನ್ನಿನ ಕಲ್ಲಿದ್ದಲು ವ್ಯಾಗನ್ ಮಾಡೋಣ ಅಂತಿದ್ದೇನೆ. ತುಕ್ಕಿನ ಬಣ್ಣ ಆಗಲೇ ಕಲೆಸಿ ನೋಡಿಯೂ ಆಯಿತು.